ಮನೆಯಲ್ಲೇ ಕೂತು ನೀತಿಶಾಸ್ತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆನ್‌ಲೈನ್ ಓದಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ನೀತಿಶಾಸ್ತ್ರಕ್ಕೆ ಸಂಬಂಧಪಟ್ಟವು ಇಲ್ಲಿವೆ. ಈ ವಿಷಯವನ್ನು ಕಲಿಸುವವರೇ ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಾನು ಬ್ಯಾಂಕ್ ನೌಕರ, ಓದಿದ್ದು ಬಿ.ಕಾಂ. ನೀತಿಶಾಸ್ತ್ರ ಓದಬೇಕೆಂಬ ಆಸೆ ಬಹಳ ಹಿಂದಿನದು. ದಿನಾ ಸಿಎಸ್‌ಎಂಟಿಗೆ ಹೋಗಿಬರುವುದರಲ್ಲೇ ಮೂರು ಗಂಟೆ ಹೋಗುತ್ತದೆ. ಯಾವ ಕೋರ್ಸಿಗೆ ಸೇರಲಿ? — ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮಗೆ ಪದವಿ ಬೇಕೋ, ವಿಷಯ ಬೇಕೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ವಿಷಯ ಸಾಕು ಎಂದಾದರೆ ಕೇಂದ್ರ ಸರಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆ ಸಾಕಾಗುತ್ತದೆ. ಅಲ್ಲಿ ಎನ್‌ಪಿಟೆಲ್ ಎಂಬ ಯೋಜನೆಯ ಮೂಲಕ ಐಐಟಿಗಳ ಮಾನವಿಕ ವಿಭಾಗದ ಅಧ್ಯಾಪಕರು ನೀತಿಶಾಸ್ತ್ರದ ಕೋರ್ಸುಗಳನ್ನು ನಡೆಸುತ್ತ ಬಂದಿದ್ದಾರೆ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಹೊಸ ತಂಡ ಶುರುವಾಗುತ್ತದೆ. ಸೇರುವುದಕ್ಕೆ, ವೀಡಿಯೊ ನೋಡುವುದಕ್ಕೆ, ಅಸೈನ್‌ಮೆಂಟ್ ಮಾಡುವುದಕ್ಕೆ ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು, ಪರೀಕ್ಷಾ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಕೋರ್ಸಿಗೆ ಸೇರಿದ್ದನ್ನೇ ಪರೀಕ್ಷೆಯ ನೋಂದಣಿ ಎಂದುಕೊಂಡು ಎರಡನೆಯದರ ಕೊನೇ ದಿನಾಂಕವನ್ನು ಬಿಟ್ಟುಬಿಡುತ್ತಾರೆ.

ಎನ್‌ಪಿಟೆಲ್‌ನಲ್ಲಿ ಅಂಕಗಳ ಹಂಚಿಕೆ ಹೀಗಿದೆ: ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸರ್ಟಿಫಿಕೇಟಿಗೆ 25ರಲ್ಲಿ 10 ಮತ್ತು 75ರಲ್ಲಿ 30, ಎರಡೂ ಬರಬೇಕು. ಒಂದರಲ್ಲಿ ಹೆಚ್ಚು ತೆಗೆದು ಇನ್ನೊಂದರ ಕೊರತೆ ತುಂಬುವ ಹಾಗಿಲ್ಲ.

ಪದವಿಯೇ ಬೇಕಾದರೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ತತ್ವಶಾಸ್ತ್ರ ಎಂ.ಎ. ನೋಡಿ; ಯಾವುದೇ ಪದವೀಧರರು ಸೇರಬಹುದು. ಮುಂಬೈ, ಪುಣೆ, ಗೋವಾ ಮೂರರಲ್ಲೂ ಪ್ರಾದೇಶಿಕ ಕೇಂದ್ರಗಳಿವೆ. ಅದರ ಪಠ್ಯಗಳು ‘ಇ-ಜ್ಞಾನಕೋಶ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಣ ಕಟ್ಟುವ ಮೊದಲೇ ನೀತಿಶಾಸ್ತ್ರದ ಎರಡು ಘಟಕ ಓದಿ ನೋಡಿ, ರುಚಿಸಿದರೆ ಮುಂದುವರಿಯಿರಿ. ಬೇರೆ ಯಾವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಗೆ ಸೇರುವುದಿದ್ದರೂ ಆ ಪದವಿಗೆ, ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲೇ ನೋಡಿಕೊಳ್ಳಿ. ಜಾಹೀರಾತಿನ ಮಾತು ನಂಬಬೇಡಿ.

ಇನ್ನು ಲೋಕಲ್‌ನ ಮೂರು ಗಂಟೆ. ಹೊಸ ಪಾಠವನ್ನು ಅಲ್ಲಿ ಕೇಳಬೇಡಿ. ವಾದದ ಒಂದು ಕೊಂಡಿ ಕುರ್ಲಾದಲ್ಲಿ ತಪ್ಪಿದರೆ ಠಾಣೆಯವರೆಗೂ ಏನೂ ಅರ್ಥವಾಗುವುದಿಲ್ಲ. ಮನೆಯಲ್ಲಿ ಒಮ್ಮೆ ಪೆನ್ನು ಹಿಡಿದು ಕೇಳಿದ ಪಾಠವನ್ನು ಎರಡನೆಯ ಸಲ ಕೇಳಲು ರೈಲು ಒಳ್ಳೆಯ ಜಾಗ. ವಾರಕ್ಕೆ ಪಾಠದ ಎರಡೂವರೆ ಗಂಟೆಯಲ್ಲದೆ ಓದಿಗೆ ಮೂರು ಗಂಟೆ ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ಐದು ಜನರ ಮೇಲೆ ಹರಿಯಲಿರುವ ಟ್ರಾಮನ್ನು ಒಬ್ಬನಿರುವ ಹಳಿಗೆ ತಿರುಗಿಸಬೇಕೇ ಎಂದು ಅಸೈನ್‌ಮೆಂಟಿನಲ್ಲಿ ಕೇಳಿದ್ದರು. ಬ್ರೇಕ್ ಹಾಕಬೇಕು, ಹಾರ್ನ್ ಹೊಡೆಯಬೇಕು ಎಂದು ಬರೆದೆ. ಸೊನ್ನೆ ಬಂತು. ಇಂಥ ಅಸಂಭವ ಕಥೆಗಳಿಂದ ಏನು ಪ್ರಯೋಜನ? — ಓದುಗರೊಬ್ಬರು, ಅಂಬರ್‌ನಾಥ್

ಉತ್ತರ: ದಿನಾ ರೈಲಿನಲ್ಲಿ ಓಡಾಡುವವರಿಗೆ ಮೊದಲು ಹೊಳೆಯುವುದು ಬ್ರೇಕೇ. ಆದರೆ ಪ್ರಶ್ನೆ ರೈಲಿನದಲ್ಲ. ಉಳಿದ ಎಲ್ಲ ದಾರಿಗಳನ್ನು ಬೇಕೆಂದೇ ಮುಚ್ಚಿ, ಒಂದೇ ಒಂದು ವ್ಯತ್ಯಾಸವನ್ನು ನಿಮ್ಮ ಮುಂದಿಡುತ್ತಾರೆ. 1967ರಲ್ಲಿ ಬ್ರಿಟಿಷ್ ತತ್ವಜ್ಞಾನಿ ಫಿಲಿಪಾ ಫುಟ್ ಇದನ್ನು ಎತ್ತಿದಾಗ ಜೊತೆಯಲ್ಲೇ ಇನ್ನೊಂದು ಪ್ರಸಂಗ ಇಟ್ಟಿದ್ದರು: ಗಲಭೆಯಲ್ಲಿ ಐವರು ಸಾಯುವುದನ್ನು ತಪ್ಪಿಸಲು ನ್ಯಾಯಾಧೀಶನೊಬ್ಬ ನಿರಪರಾಧಿಯನ್ನು ಗಲ್ಲಿಗೆ ಕಳಿಸಬಹುದೇ? ಎರಡರಲ್ಲೂ ಲೆಕ್ಕ ಒಂದೇ, ಐದಕ್ಕೆ ಒಂದು. ಆದರೂ ಟ್ರಾಮ್ ತಿರುಗಿಸಲಿ ಎನ್ನುವವರೇ ಗಲ್ಲು ಬೇಡ ಎನ್ನುತ್ತಾರೆ. ಏಕೆ? ಮುಂದೆ ಜೂಡಿತ್ ಜಾರ್ವಿಸ್ ಥಾಮ್ಸನ್ ಮೇಲ್ಸೇತುವೆಯಿಂದ ಒಬ್ಬನನ್ನು ಹಳಿಗೆ ತಳ್ಳುವ ರೂಪ ಸೇರಿಸಿ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿದರು. ಉತ್ತರ ಬರೆಯುವಾಗ ‘ತಿರುಗಿಸುತ್ತೇನೆ’ ಅಥವಾ ‘ಇಲ್ಲ’ ಎಂಬುದಕ್ಕೆ ಒಂದೇ ಸಾಲು ಸಾಕು. ಎರಡು ಪ್ರಸಂಗಗಳ ನಡುವೆ ನಿಮ್ಮ ತೀರ್ಪು ಬದಲಾದದ್ದು ಯಾವ ಅಂಶದಿಂದ ಎಂದು ಹೇಳುವುದಕ್ಕೇ ಅಂಕ.

ಪ್ರಶ್ನೆ: ಜರ್ಮನ್ ತತ್ವಜ್ಞಾನಿ ಕಾಂಟ್‌ನ 20 ಪುಟ ಓದಿದೆ, ತಲೆಗೆ ಏನೂ ಹತ್ತಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ಕಾರಣವೇ? — ವಿದ್ಯಾರ್ಥಿನಿ, ಹಡಪ್ಸರ್, ಪುಣೆ

ಉತ್ತರ: ಖಂಡಿತ ಅಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಬೆಳೆದವರೂ ಒಂದೇ ಸಲಕ್ಕೆ ಕೂತು 20 ಪುಟ ಕಾಂಟ್ ಓದಿ ಅರಗಿಸಿಕೊಳ್ಳಲಾರರು. ನಾಲ್ಕೈದು ಪುಟ ಸಾಕು, ಆದರೆ ಮೂರು ಸಲ. ಮೊದಲ ಸಲ ನಿಲ್ಲದೆ ಓದಿ. ಎರಡನೆಯ ಸಲ ಪ್ರತಿ ಪ್ಯಾರಾದ ಪಕ್ಕ ಕನ್ನಡದಲ್ಲೇ ಒಂದು ಸಾಲು ಬರೆಯಿರಿ: ಇಲ್ಲಿ ಹೊಸದಾಗಿ ಏನನ್ನೋ ಸಾಧಿಸುತ್ತಿದ್ದಾನೆಯೇ, ಉದಾಹರಣೆ ಕೊಡುತ್ತಿದ್ದಾನೆಯೇ, ಎದುರಾಳಿಯ ಮಾತನ್ನು ಹೇಳುತ್ತಿದ್ದಾನೆಯೇ? ಎದುರಾಳಿಯ ಮಾತನ್ನೇ ಲೇಖಕನ ಮಾತೆಂದು ತಿಳಿದು ಉತ್ತರ ಬರೆಯುವವರು ಬಹಳ. ಮೂರನೆಯ ಸಲ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಕಾರಣಗಳು ಯಾವುವು ಎಂದು ಪಟ್ಟಿ ಮಾಡಿ.

ಓದುವ ಕ್ರಮವೂ ಮುಖ್ಯ. ಮೊದಲು ಪ್ಲೇಟೊನ ‘ಯೂಥಿಫ್ರೊ’, ಒಂದು ಸಂಜೆಗೆ ಮುಗಿಯುವಷ್ಟು ಚಿಕ್ಕದು. ಆಮೇಲೆ ಮಿಲ್‌ನ ‘ಉಪಯುಕ್ತತಾವಾದ’ (ಯುಟಿಲಿಟೇರಿಯನಿಸಂ) ಪುಸ್ತಕದ ಎರಡನೆಯ ಅಧ್ಯಾಯ. ಕಾಂಟ್ ಆನಂತರ. 1785ರ ಅವನ ‘ಗ್ರೌಂಡ್‌ವರ್ಕ್’ ತೆರೆದಾಗ ಮುನ್ನುಡಿ ಬಿಟ್ಟು ನೇರ ಮೊದಲ ಭಾಗಕ್ಕೆ ಹೋಗಿ, ಮುನ್ನುಡಿಯನ್ನು ಕೊನೆಗೆ ಓದಿ. ಅಂಚಿನಲ್ಲಿ 4:421, 4:429 ಎಂಬಂಥ ಅಂಕಿ ಕಾಣುತ್ತವಲ್ಲ, ಅವು ಜರ್ಮನ್ ಪ್ರಮಾಣ ಆವೃತ್ತಿಯ ನಾಲ್ಕನೆಯ ಸಂಪುಟದ ಪುಟಗಳು. ಸಾರ್ವತ್ರಿಕ ನಿಯಮದ ಸೂತ್ರ, ಅಂದರೆ ಎಲ್ಲರಿಗೂ ನಿಯಮವಾಗಲಿ ಎಂದು ನೀವು ಬಯಸಬಹುದಾದ ತತ್ವದಂತೆ ಮಾತ್ರ ನಡೆಯಿರಿ ಎಂಬುದು, ಇರುವುದು 4:421ರಲ್ಲಿ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬುದು 4:429ರಲ್ಲಿ. ನಿಮ್ಮ ಅನುವಾದ ಯಾರದೇ ಇರಲಿ, ಈ ಅಂಕಿ ಕೊಟ್ಟರೆ ಅಧ್ಯಾಪಕರು ಆ ಸಾಲನ್ನು ಹುಡುಕಿಕೊಳ್ಳುತ್ತಾರೆ. ಸರಳ ಇಂಗ್ಲಿಷಿಗೆ ಇಳಿಸಿದ ಪಠ್ಯಗಳು ಜಾಲತಾಣಗಳಲ್ಲಿ ಸಿಗುತ್ತವೆ. ಅರ್ಥ ಮಾಡಿಕೊಳ್ಳಲು ಧಾರಾಳವಾಗಿ ಬಳಸಿ, ಆದರೆ ಪ್ರಬಂಧದಲ್ಲಿ ಅವುಗಳಿಂದ ಉದ್ಧರಿಸಬೇಡಿ. ಅವು ಕಾಂಟ್‌ನ ಮಾತುಗಳಲ್ಲ.

4:421ರ ಸೂತ್ರವನ್ನು ಬಳಸುವಾಗ ಪರೀಕ್ಷೆ ಬರೆಯುವ ಬಹಳ ಜನ ಜಾರುವ ಒಂದು ಜಾಗವಿದೆ. ಕಾಂಟ್‌ನದೇ ಉದಾಹರಣೆ: ತೀರಿಸುವ ಉದ್ದೇಶವಿಲ್ಲದಿದ್ದರೂ ತೀರಿಸುತ್ತೇನೆಂದು ಮಾತು ಕೊಟ್ಟು ಒಬ್ಬ ಸಾಲ ಕೇಳುತ್ತಾನೆ. ‘ಎಲ್ಲರೂ ಹೀಗೆ ಮಾಡಿದರೆ ಸಮಾಜ ಹಾಳಾಗುತ್ತದೆ, ಆದ್ದರಿಂದ ತಪ್ಪು’ ಎಂದು ಬರೆದರೆ ಅದು ಕಾಂಟ್ ಅಲ್ಲ, ಫಲ ನೋಡಿ ತೀರ್ಪು ಕೊಡುವವರ ವಾದ. ಕಾಂಟ್ ಹೇಳುವುದು ಬೇರೆ. ಹಣದ ಅಡಚಣೆ ಬಂದವರೆಲ್ಲ ಸುಳ್ಳು ಮಾತು ಕೊಡುವುದೇ ನಿಯಮವಾದ ಲೋಕದಲ್ಲಿ ‘ತೀರಿಸುತ್ತೇನೆ’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಮಾತು ಕೊಡುವುದು ಎಂಬುದೇ ಉಳಿಯುವುದಿಲ್ಲ. ಹಾಗಿದ್ದಮೇಲೆ ಈ ಮನುಷ್ಯನ ಉಪಾಯ ಆ ಲೋಕದಲ್ಲಿ ನಡೆಯುವುದೇ ಇಲ್ಲ. ದೋಷ ಇರುವುದು ಅವನ ಯೋಜನೆಯ ಒಳಗೇ, ಅದರಿಂದಾಗುವ ನಷ್ಟದಲ್ಲಲ್ಲ. ಇದನ್ನು ನಿಮ್ಮ ಮಾತಿನಲ್ಲಿ ಹೇಳಲು ಬಂದರೆ ‘ಗ್ರೌಂಡ್‌ವರ್ಕ್’ನ ಮೊದಲೆರಡು ಭಾಗಗಳ ಕಠಿಣ ಹಾದಿ ದಾಟಿದಂತೆ.

ಪ್ರಶ್ನೆ: 1500 ಪದಗಳ ಪ್ರಬಂಧಕ್ಕೆ 20ರಲ್ಲಿ 9 ಬಂತು. ‘ವಾದ ಎಲ್ಲಿದೆ?’ ಎಂದಷ್ಟೇ ಬರೆದಿದ್ದಾರೆ. ನಾನು ಬರೆದದ್ದೆಲ್ಲ ಒಳ್ಳೆಯ ವಿಚಾರಗಳೇ ಆಗಿತ್ತು. — ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ನೀವು ಕಳಿಸಿದ ಪ್ರಬಂಧ ಓದಿದೆವು. ವಿಚಾರಗಳು ಒಳ್ಳೆಯವೇ. ಆದರೆ ಮೊದಲ 600 ಪದ ಕಾಂಟ್‌ನ ಜೀವನಚರಿತ್ರೆ, ಉಳಿದದ್ದು ಉಪದೇಶ. ನೀತಿಶಾಸ್ತ್ರದ ಪ್ರಬಂಧದಲ್ಲಿ ನೀವು ಎಷ್ಟು ಸಜ್ಜನರು ಎಂಬುದನ್ನು ಯಾರೂ ಅಳೆಯುವುದಿಲ್ಲ. ನಿಮ್ಮ ತೀರ್ಮಾನವನ್ನು ಒಪ್ಪದವನಿಗೂ ತಳ್ಳಿಹಾಕಲು ಕಷ್ಟವಾಗುವಂಥ ಕಾರಣ ಕೊಟ್ಟಿದ್ದೀರಾ ಎಂದು ನೋಡುತ್ತಾರೆ.

ಮುಂಬೈ, ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಎಲ್ಲರೂ ಕಂಡಿರುವ ಒಂದು ನಿಯಮ ತೆಗೆದುಕೊಳ್ಳಿ: ಮದುವೆಯಾಗದ ಹುಡುಗರಿಗೆ ಫ್ಲ್ಯಾಟ್ ಬಾಡಿಗೆಗೆ ಕೊಡಬಾರದು. ‘ಇದು ಅನ್ಯಾಯ, ಎಲ್ಲರೂ ಸಮಾನರು, ಮಾನವೀಯತೆ ಬೇಕು’ ಎಂದು ಬರೆದರೆ ಮೂರು ಘೋಷಣೆಗಳಾದವು, ವಾದವಾಗಲಿಲ್ಲ. ಹೀಗೆ ಕಟ್ಟಿ ನೋಡಿ.

ಒಂದನೆಯ ಆಧಾರ: ಒಬ್ಬನ ಸ್ವಂತ ನಡತೆಯನ್ನು ನೋಡದೆ, ಅವನು ಸೇರಿದ ಗುಂಪನ್ನಷ್ಟೇ ನೋಡಿ, ಅವನಿಗೆ ಅಗತ್ಯವಾದದ್ದನ್ನು ನಿರಾಕರಿಸುವುದು ತಪ್ಪು. ಎರಡನೆಯ ಆಧಾರ: ಈ ನಿಯಮ ಮಾಡುವುದು ಅದನ್ನೇ. ತೀರ್ಮಾನ: ಈ ನಿಯಮ ತಪ್ಪು.

ಎರಡು ಆಧಾರಗಳನ್ನು ಒಪ್ಪಿದವನು ತೀರ್ಮಾನವನ್ನೂ ಒಪ್ಪಲೇಬೇಕು. ಹಾಗಾದರೆ ಎದುರಾಳಿ ಎಲ್ಲಿ ಹಿಡಿಯುತ್ತಾನೆ? ಒಂದನೆಯದನ್ನು. 16 ವರ್ಷದ ಹುಡುಗ ಎಷ್ಟೇ ಚೆನ್ನಾಗಿ ಕಾರು ಓಡಿಸಲಿ, ಕೆಲಸಕ್ಕೆ ಕಾರೇ ಬೇಕಿರಲಿ, 18 ತುಂಬದೆ ಲೈಸೆನ್ಸ್ ಕೊಡುವುದಿಲ್ಲ. ಅಲ್ಲೂ ನೋಡುವುದು ಗುಂಪನ್ನೇ, ಆದರೂ ಅದು ತಪ್ಪು ಎಂದು ನಮಗೆ ಅನಿಸುವುದಿಲ್ಲ. ಅಂದರೆ ನಿಮ್ಮ ಮೊದಲ ಆಧಾರ ವಿಪರೀತ ಅಗಲವಾಗಿದೆ. ಇಲ್ಲಿ ಗಾಬರಿಯಾಗಬೇಡಿ, ಪ್ರಬಂಧ ನಿಜವಾಗಿ ಶುರುವಾಗುವುದು ಇಲ್ಲಿಂದಲೇ. ಆಧಾರವನ್ನು ಕಿರಿದು ಮಾಡಿ: ‘ಆ ವ್ಯಕ್ತಿಯ ನಡತೆಯನ್ನು ಹೆಚ್ಚು ಕಷ್ಟವಿಲ್ಲದೆ ವಿಚಾರಿಸಿ ತಿಳಿಯಲು ಸಾಧ್ಯವಿದ್ದಾಗ’ ಎಂಬ ಮಾತು ಸೇರಿಸಿ. ಬಾಡಿಗೆದಾರನ ವಿಷಯದಲ್ಲಿ ಅದು ಸಾಧ್ಯ: ಹಿಂದಿನ ಮಾಲೀಕರನ್ನು ಕೇಳಬಹುದು, ಪೊಲೀಸ್ ವೆರಿಫಿಕೇಷನ್ ಇದೆ, ಡೆಪಾಸಿಟ್ ಇದೆ, ಗಲಾಟೆ ಮಾಡಿದರೆ ಕರಾರು ಮುರಿಯಬಹುದು. ಲೈಸೆನ್ಸಿನ ಪ್ರಸಂಗದಲ್ಲಿ ಲಕ್ಷಾಂತರ ಹುಡುಗರ ವಿವೇಕವನ್ನು ಒಬ್ಬೊಬ್ಬರಾಗಿ ಅಳೆಯುವುದು ಕಷ್ಟ, ತಪ್ಪಿದರೆ ಪ್ರಾಣವೇ ಹೋಗುತ್ತದೆ. ಈಗ ನಿಮ್ಮ ವಾದಕ್ಕೆ ಬಲ ಬಂತು.

ಮುಂದೆ ಒಂದು ಗಟ್ಟಿ ಆಕ್ಷೇಪವನ್ನು ನೀವೇ ತನ್ನಿ: ‘ಕಟ್ಟಡ ನಮ್ಮದು, ನೆರೆಯವರು ಯಾರಾಗಬೇಕೆಂದು ಆರಿಸಿಕೊಳ್ಳುವ ಹಕ್ಕೂ ನಮ್ಮದು.’ ಇದನ್ನು ಪೆದ್ದು ಮಾತಿನಂತೆ ಚಿತ್ರಿಸಬೇಡಿ. ಸೊಸೈಟಿಯ ಕಾರ್ಯದರ್ಶಿ ಓದಿದರೂ ‘ಹೌದು, ನಾನು ಹೇಳುವುದು ಇದನ್ನೇ’ ಎನ್ನುವ ಹಾಗಿರಬೇಕು. ಉತ್ತರವಾಗಿ, ಒಂದು ಹಕ್ಕು ಇದೆ ಎನ್ನುವುದಕ್ಕೂ ಅದನ್ನು ಹೇಗೆ ಬಳಸಿದರೂ ಸರಿ ಎನ್ನುವುದಕ್ಕೂ ಇರುವ ಅಂತರವನ್ನು ತೋರಿಸಬಹುದು. ‘ಕಾನೂನಿನಲ್ಲಿ ಹೀಗಿದೆ’, ‘ಎಲ್ಲ ಸೊಸೈಟಿಗಳಲ್ಲೂ ಇದೇ ರೂಢಿ’ ಎಂದು ಮಾತ್ರ ಮುಗಿಸಬೇಡಿ. ಇರುವುದರಿಂದ ಇರಬೇಕಾದದ್ದಕ್ಕೆ ಜಿಗಿಯುವುದನ್ನು ಸ್ಕಾಟಿಷ್ ತತ್ವಜ್ಞಾನಿ ಹ್ಯೂಮ್ ತನ್ನ ‘ಟ್ರೀಟಿಸ್’ನ ಮೂರನೆಯ ಸಂಪುಟದ ಮೊದಲ ಭಾಗದಲ್ಲೇ ಎತ್ತಿ ತೋರಿಸಿದ್ದಾನೆ.

1500 ಪದಗಳಲ್ಲಿ ಪೀಠಿಕೆಗೆ 100 ಸಾಕು, ಅದರಲ್ಲೇ ತೀರ್ಮಾನವನ್ನು ಹೇಳಿಬಿಡಿ. ಸಿದ್ಧಾಂತದ ವಿವರಣೆಗೆ 400, ನಿಮ್ಮ ವಾದಕ್ಕೆ 500, ಆಕ್ಷೇಪಕ್ಕೆ ಮತ್ತು ಉತ್ತರಕ್ಕೆ ಉಳಿದದ್ದು. ಆಕ್ಷೇಪಕ್ಕೆ ಎರಡು ಸಾಲು ಕೊಟ್ಟು ಓಡುವ ಅಭ್ಯಾಸವೇ ಅಂಕ ಕಳೆಯುವುದರಲ್ಲಿ ಮೊದಲನೆಯದು.

ಪ್ರಶ್ನೆ: ಗೀತೆ, ವಚನಗಳನ್ನು ಪ್ರಬಂಧದಲ್ಲಿ ಬಳಸಬಹುದೇ? — ಗೃಹಿಣಿ, ಪಿಂಪ್ರಿ

ಉತ್ತರ: ಧಾರಾಳವಾಗಿ. ಆದರೆ ಅಲಂಕಾರಕ್ಕೂ ಬೇಡ, ಕೊನೆಯ ಸಾಕ್ಷಿಯಾಗಿಯೂ ಬೇಡ. ಕರ್ಮದಲ್ಲಷ್ಟೇ ನಿನಗೆ ಅಧಿಕಾರ, ಫಲದಲ್ಲಿಲ್ಲ ಎನ್ನುವ ಗೀತೆಯ 2.47ನ್ನು ತಂದು ‘ಕಾಂಟ್ ಹೇಳಿದ್ದೂ ಇದೇ’ ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಗೀತೆಯ ಕರ್ತವ್ಯ ಸ್ವಧರ್ಮ, 2.31ರಲ್ಲಿ ಅರ್ಜುನನಿಗೆ ಹೇಳಿದ್ದು ಕ್ಷತ್ರಿಯನಾದ್ದರಿಂದ. ಕಾಂಟ್‌ನ ಕರ್ತವ್ಯ ವಿವೇಚನೆಯುಳ್ಳ ಎಲ್ಲರಿಗೂ ಒಂದೇ. ಹೋಲಿಕೆ ಇದೆ, ಆದರೆ ಅಂತರವನ್ನು ಹೇಳಿದಮೇಲೆ ಹೋಲಿಕೆಗೆ ಬೆಲೆ.

ಇದಕ್ಕಿಂತ ಒಳ್ಳೆಯ ವಸ್ತು ನಿಮ್ಮ ಕೈಯಲ್ಲೇ ಇದೆ. ದಯೆಯೇ ಧರ್ಮದ ಮೂಲ ಎನ್ನುತ್ತಾರೆ ಬಸವಣ್ಣನವರು. ಕಾಂಟ್ 4:398ರಲ್ಲಿ ಕೇವಲ ಮರುಕದ ಸ್ವಭಾವದಿಂದ ಪರೋಪಕಾರ ಮಾಡುವವನ ಕೆಲಸ ಮೆಚ್ಚತಕ್ಕದ್ದೇ ಆದರೂ ಅದಕ್ಕೆ ನಿಜವಾದ ನೈತಿಕ ಮೌಲ್ಯವಿಲ್ಲ ಎನ್ನುತ್ತಾನೆ. ಇಬ್ಬರೂ ಸರಿ ಎನ್ನಲು ಬರುತ್ತದೆಯೇ? ‘ಮೂಲ’ ಎಂದರೆ ನಮ್ಮನ್ನು ಹೊರಡಿಸುವ ಪ್ರೇರಣೆಯೋ, ಕೆಲಸವನ್ನು ಸರಿ ಮಾಡುವ ಕಾರಣವೋ? ಇದೊಂದು ಪ್ರಶ್ನೆಯ ಮೇಲೆ ಇಡೀ ಪ್ರಬಂಧ ನಿಲ್ಲುತ್ತದೆ. ಕನ್ನಡ ಬಲ್ಲ ವಿದ್ಯಾರ್ಥಿಗಳು ಇದನ್ನು ಬರೆಯಲಿ ಎಂಬುದು ನಮ್ಮ ಬಹುದಿನದ ಆಸೆ.

ಪ್ರಶ್ನೆ: ಚಾಟ್‌ಜಿಪಿಟಿಯ ಸಹಾಯ ಪಡೆದರೆ ತಪ್ಪೇ? — ವಿದ್ಯಾರ್ಥಿ, ಮಡಗಾಂವ್

ಉತ್ತರ: ಕೋರ್ಸಿನ ನಿಯಮ ಏನೆಂದು ಮೊದಲು ಓದಿ, ಬೇಡ ಎಂದಿದ್ದರೆ ಬೇಡ. ಅನುಮತಿ ಇದ್ದರೂ ಅದಕ್ಕೆ ಪ್ರಬಂಧ ಬರೆಯಲು ಹೇಳಬೇಡಿ. ನೀವು ಬರೆದ ವಾದವನ್ನು ಕೊಟ್ಟು ಆಕ್ಷೇಪ ಕೇಳಿ. ಅದು ಇಲ್ಲದ ಪುಟಸಂಖ್ಯೆಯನ್ನೂ ಇಲ್ಲದ ಲೇಖನವನ್ನೂ ಧೈರ್ಯವಾಗಿ ಕೊಡುವುದುಂಟು, ಆದ್ದರಿಂದ ಪ್ರತಿ ಉಲ್ಲೇಖವನ್ನೂ ಮೂಲದಲ್ಲಿ ತೆರೆದು ನೋಡಿ. ವಿಷಯದ ಪರಿಚಯಕ್ಕೆ ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶ ಉಚಿತವಾಗಿದೆ. ತಜ್ಞರು ಬರೆದು ತಜ್ಞರೇ ಪರಿಶೀಲಿಸಿದ ಬರಹಗಳು. ಕಾಂಟ್‌ನ ನೀತಿಶಾಸ್ತ್ರದ ಬಗೆಗಿನ ಲೇಖನ ಉದ್ದವಾಗಿದೆ. ಮೊದಲ ನಾಲ್ಕೈದು ವಿಭಾಗ ಓದಿ, ಉಳಿದದ್ದನ್ನು ಪರೀಕ್ಷೆ ಮುಗಿದಮೇಲೆ ನೋಡಿಕೊಳ್ಳಿ.