ರೆಕಾರ್ಡ್ ಶಾಟ್ ಅಂದದ್ದಕ್ಕೆ ಬೇಜಾರಾಗಬೇಡಿ

ಮೇಡಂ, ನಿಮ್ಮ ತಾರಸಿ ತೋಟದ ದೊಣ್ಣೆ ಮೆಣಸಿನಕಾಯಿ ಫೋಟೋ ನೋಡಿದೆ. ಕೆಳಗೆ ಒಬ್ಬರು 'ಬರೀ ರೆಕಾರ್ಡ್ ಶಾಟ್, ಇದು ಕಲೆ ಅಲ್ಲ' ಅಂದಿದ್ದಾರೆ, ಅಂದರೆ ಎದುರಿಗಿದ್ದದ್ದನ್ನು ಸುಮ್ನೆ ದಾಖಲಿಸಿದ ಫೋಟೋ ಅಂತ. ಕಲೆ ಅನ್ನಿಸಿಕೊಳ್ಳೋಕೆ ಹೊಸ ಲೆನ್ಸ್ ಬೇಕಾ ಅಂತ ನೀವು ಕೇಳಿದ್ದೀರಿ. ಖಂಡಿತ ಬೇಡ, ದುಡ್ಡು ಉಳಿಸಿ.

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಅವರ 'ಪೆಪ್ಪರ್ ನಂ. 30' ಒಮ್ಮೆ ನೋಡಿ. 1930ರ ಚಿತ್ರ. ಅದರಲ್ಲಿರುವುದೂ ಒಂದೇ ಒಂದು ದೊಣ್ಣೆ ಮೆಣಸಿನಕಾಯಿ. ಹೆಸರಿನ 30 ಸುಮ್ನೆ ಬಂದದ್ದಲ್ಲ, ಅಷ್ಟು ಸಲ ಆ ತರಕಾರಿಯ ಹಿಂದೆ ಬಿದ್ದಿದ್ದರು. ಕೊನೆಗೆ ಒಂದು ತಗಡಿನ ಆಲಿಕೆಯನ್ನು ಅಡ್ಡ ಮಲಗಿಸಿ, ಅದರ ಬಾಯೊಳಗೆ ಕಾಯಿ ಇಟ್ಟರು. ಒಳಗಿನ ಬಾಗಿದ ತಗಡಿಗೆ ಬೆಳಕು ಬಡಿದು, ಮೆತ್ತಗಾಗಿ ಕಾಯಿಯ ಮೇಲೆ ಬಿತ್ತು. ಹಿನ್ನೆಲೆಯಲ್ಲಿ ಗೆರೆಯೂ ಇಲ್ಲ, ಮೂಲೆಯೂ ಇಲ್ಲ, ಬರೀ ಕತ್ತಲು. ನೋಡಿದವರಿಗೆ ತರಕಾರಿ ಮರೆತೇ ಹೋಗಿ ಮನುಷ್ಯನ ಬೆನ್ನು, ತೋಳು ಕಾಣುತ್ತದೆ. (ಇಂಥ ಮಾಡೆಲ್‌ಗಳನ್ನು ಆಮೇಲೆ ತಿಂದದ್ದೂ ಉಂಟು!)

ಕ್ಯಾಮೆರಾ ಎಲ್ಲವನ್ನೂ ತಾನೇ ಮಾಡುತ್ತೆ, ತೆಗೆದವನದ್ದೇನಿದೆ ಅನ್ನೋ ವಾದ ಹಳೆಯದು. ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೋ ಒಂದನ್ನು ಮುದ್ರಣ ಕಂಪನಿಯೊಂದು ನಕಲು ಮಾಡಿ, ಇದೇ ವಾದ ಹಿಡಿದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1884ರಲ್ಲಿ ಕೋರ್ಟು ಫೋಟೋಗ್ರಾಫರ್ ನೆಪೋಲಿಯನ್ ಸರೋನಿ ಕಡೆ ತೀರ್ಪು ಕೊಟ್ಟಿತು. ಕೂರಿಸಿದ ಭಂಗಿ, ಬಟ್ಟೆ, ನೆರಳು-ಬೆಳಕು ಎಲ್ಲ ಅವರೇ ಯೋಚಿಸಿ ಜೋಡಿಸಿದ್ದು, ಹಾಗಾಗಿ ಹಕ್ಕೂ ಅವರದೇ ಅಂತ. ಕೋರ್ಟು ಕಾಪಿರೈಟ್ ಕೊಟ್ಟಿತೇ ಹೊರತು ಕಲೆಯ ಸರ್ಟಿಫಿಕೇಟ್ ಕೊಡಲಿಲ್ಲ. ಆದರೂ ನನಗೆ ಆ ದಾರಿ ಸರಿ ಅನ್ನಿಸುತ್ತದೆ. ತೆಗೆದವರ ಆಯ್ಕೆ ಚಿತ್ರದಲ್ಲಿ ಕಾಣಬೇಕು.

ಎಲ್ಲವನ್ನೂ ಜೋಡಿಸಿಯೇ ತೆಗೆಯಬೇಕು ಅಂತಲ್ಲ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಾಹಕರು. ಬೀದಿಯ ಜನ, ಆಡುವ ಮಕ್ಕಳನ್ನು ಇದ್ದಂತೆಯೇ ಹಿಡಿದರು. ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು ಅನ್ನೋದರಲ್ಲೇ ಅವರ ಆಯ್ಕೆ ಇತ್ತು.

ಈಗ ನಿಮ್ಮ ಫೋಟೋಗೆ ಬರೋಣ. ಹಿಂದೆ ನೀಲಿ ಡ್ರಮ್ಮು, ನೀರಿನ ಪೈಪು ಇವೆ. ಬೇಕು ಅಂತ ಬಿಟ್ಟಿರಾ, ಗಮನಿಸಲೇ ಇಲ್ವಾ? ನನ್ನ ತಕರಾರು ಇಷ್ಟೇ. ಡ್ರಮ್ಮು ಇದ್ದರೂ ಅಡ್ಡಿಯಿಲ್ಲ, ನಗರದ ತಾರಸಿ ಅಂತ ಅದೇ ಹೇಳಬಹುದು. ಆಗ ಅದಕ್ಕೂ ಚಿತ್ರದಲ್ಲಿ ಸರಿಯಾದ ಜಾಗ ಕೊಡಿ.

ಬೇಡ ಅಂದರೆ, ಸೊಟ್ಟಗಿರುವ ಒಂದು ಕಾಯಿ ಕಿತ್ತು ಒಳಗೆ ತನ್ನಿ. ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಇಡಿ. ಎದುರು ಬದಿಗೆ ಒಂದು ಬಿಳಿ ರಟ್ಟು ನಿಲ್ಲಿಸಿ. ಆಲಿಕೆ ಬದಲು ಅಡ್ಡ ಮಲಗಿಸಿದ ಪಾತ್ರೆ ಸಾಕು, ಆದರೆ ಹೊಳೆಯುವ ಸ್ಟೀಲ್ ಬೇಡ. ಅದರಲ್ಲಿ ಕಿಟಕಿ, ನೀವು, ಮೊಬೈಲು ಎಲ್ಲ ಕಾಣುತ್ತೆ. ಮಂಕಾದ ಹಳೇ ಅಲ್ಯೂಮಿನಿಯಂ ಪಾತ್ರೆ ವಾಸಿ. ಮೊಬೈಲನ್ನು ಯಾವುದಕ್ಕಾದರೂ ಒರಗಿಸಿ ಟೈಮರ್ ಹಾಕಿ. ಪರದೆ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ, ಕಾಯಿಯ ಮೇಲಿನ ಬಿಳಿ ಹೊಳಪು ತಗ್ಗುವವರೆಗೂ ಪರದೆಯಲ್ಲೇ ಬೆಳಕಿನ ಮಟ್ಟ ಇಳಿಸಿ. ಆಮೇಲೆ ಕಾಯಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತೆಗೆಯಿರಿ. ಇಲ್ಲಿ ಅವಸರ ಬೇಡ.

ಎಡಿಟ್ ಮಾಡಿದರೆ ಮೋಸ ಅಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ 'ಮೂನ್‌ರೈಸ್' ಚಿತ್ರದ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ತೆಗೆದರು. ನಂತರದ ಪ್ರಿಂಟ್‌ಗಳಲ್ಲಿ ಆಕಾಶವನ್ನು ಬಹಳ ಕಪ್ಪು ಮಾಡಿದರು, ಅದೂ ಒಂಥರಾ ಎಡಿಟ್ಟೇ. ಮೋಸ ಏನಿಲ್ಲ. ಆದರೆ ಸಲೂನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಯ ನೇಚರ್ ಅಂದರೆ ನಿಸರ್ಗ ವಿಭಾಗಕ್ಕೆ ಕಳಿಸುವಾಗ ಹುಷಾರು, ಅಲ್ಲಿ ಚಿತ್ರದೊಳಗೆ ಏನನ್ನೂ ಸೇರಿಸುವಂತಿಲ್ಲ, ಅಳಿಸುವಂತಿಲ್ಲ.

ಮುಂದಿನ ಸಲ ಒಂದೇ ಫೋಟೋ ಹಾಕಿ, ಅದನ್ನೇ ಯಾಕೆ ಆರಿಸಿದಿರಿ ಅಂತ ಎರಡು ಸಾಲು ಬರೆಯಿರಿ. ರೆಕಾರ್ಡ್ ಶಾಟ್ ಅಂದವರು ಏನು ಕೊರತೆ ಅಂತಲೂ ಹೇಳಲಿ, ನಮಗೂ ಉಪಯೋಗ ಆಗುತ್ತೆ.