ಅನ್ಯಗ್ರಹದವರಿಗೆ ಮೊದಲು ತಂಬೂರಿ ಕೇಳಿಸಿ

"ಬುದ್ಧಿಯಿರುವ ಅನ್ಯಗ್ರಹ ಜೀವಿಗಳಿಗೆ ಮನುಷ್ಯರ ಪರಿಚಯ ಮಾಡಿಕೊಡಲು ಐದೇ ಐದು ಸಂಗೀತ ಆರಿಸಿ ಅಂದರೆ ಯಾವುದನ್ನು ಆರಿಸುತ್ತೀರಿ? ನಮ್ಮ ಕರ್ನಾಟಕ ಸಂಗೀತ ಅದರಲ್ಲಿ ಇರುತ್ತದಾ?" ಅಂತ ಕೇಳಿದ್ದೀರಿ.

ಇರುತ್ತದೆ. ನಾನು ಸ್ವಲ್ಪ ಮೃದಂಗ ನುಡಿಸುತ್ತೇನೆ, ಹಾಗಾಗಿ ನನ್ನ ಪಕ್ಷಪಾತ ಎಲ್ಲಿದೆ ಅಂತ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಈ ಕೆಲಸವನ್ನು ಒಂದು ಸಲ ನಿಜವಾಗಿಯೂ ಮಾಡಿದ್ದಾರೆ. 1977ರಲ್ಲಿ ನಾಸಾ ಹಾರಿಸಿದ ವೊಯೇಜರ್ 1 ಮತ್ತು ವೊಯೇಜರ್ 2 ನೌಕೆಗಳ ಮೈಮೇಲೆ ಒಂದೊಂದು ರೆಕಾರ್ಡ್ ಇದೆ. 12 ಇಂಚಿನ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ಅದರಲ್ಲಿ ಏನೇನಿರಬೇಕು ಅಂತ ನಿರ್ಧರಿಸಿದ್ದು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮುಂದಾಳಾಗಿದ್ದ ಒಂದು ಸಣ್ಣ ತಂಡ. ನೂರಕ್ಕೂ ಹೆಚ್ಚು ಚಿತ್ರ, 55 ಭಾಷೆಗಳಲ್ಲಿ ನಮಸ್ಕಾರ, ಮಳೆ ಗಾಳಿ ಹಕ್ಕಿಗಳ ಸದ್ದು, ಆಮೇಲೆ ಸುಮಾರು 90 ನಿಮಿಷ ಸಂಗೀತ. ಆ 55 ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಒಬ್ಬರು ಶುಭಾಶಯ ಹೇಳಿದ್ದಾರೆ. ತಮಿಳು ಇಲ್ಲ, ಮಲಯಾಳಂ ಇಲ್ಲ. (ಚೆನ್ನೈ ಗೆಳೆಯರ ಮುಂದೆ ಈ ವಿಷಯ ಎತ್ತುವುದರಲ್ಲಿ ಒಂದು ಸಣ್ಣ ಖುಷಿ ಇದೆ, ಸುಳ್ಳು ಯಾಕೆ ಹೇಳಲಿ.) ಇದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಅದರ ಸುತ್ತಮುತ್ತ ಯಾವ ಭಾಷೆಯವರು ಸಿಕ್ಕರೋ ಹೆಚ್ಚುಕಮ್ಮಿ ಆ ಭಾಷೆಗಳು ಒಳಗೆ ಹೋದವು.

ಸಂಗೀತಕ್ಕೆ ಬರೋಣ. ಒಟ್ಟು 27 ತುಣುಕುಗಳಿವೆ. ಬಾಖ್ ಮೂರು ಸಲ, ಬೀಥೋವನ್ ಎರಡು ಸಲ. ಮೊಜಾರ್ಟ್, ಸ್ಟ್ರಾವಿನ್ಸ್ಕಿ ಇದ್ದಾರೆ. ಜಾವಾದ ಗಮೆಲಾನ್, ಸೆನೆಗಲ್‌ನ ತಾಳವಾದ್ಯ, ನವಾಹೋ ಜನರ ರಾತ್ರಿ ಹಾಡು, ಜಪಾನಿನ ಬಿದಿರು ಕೊಳಲು, ಪೆರುವಿನ ಮದುವೆ ಹಾಡು, ಲೂಯಿ ಆರ್ಮ್‌ಸ್ಟ್ರಾಂಗ್ ಎಲ್ಲ ಇದೆ. ಚಕ್ ಬೆರಿಯ ರಾಕ್ ಆಂಡ್ ರೋಲ್ ಬಗ್ಗೆ ತಂಡದೊಳಗೇ ಜಗಳ ಆಗಿತ್ತು. ಜಾನಪದ ಸಂಗೀತ ಸಂಗ್ರಹಕಾರ ಅಲನ್ ಲೋಮ್ಯಾಕ್ಸ್, ಇದು ಹದಿಹರೆಯದವರ ಸಂಗೀತ ಅಂತ ಮೂಗು ಮುರಿದರು. ಈ ಭೂಮಿಯ ಮೇಲೆ ಹದಿಹರೆಯದವರೂ ಬೇಕಾದಷ್ಟು ಇದ್ದಾರಲ್ಲ ಅಂದರು ಸೇಗನ್. ಆ ಹಾಡು ಉಳಿಯಿತು.

ಭಾರತದ್ದು ಒಂದೇ ಒಂದು. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, 'ಜಾತ್ ಕಹಾಂ ಹೋ', ಮೂರೂವರೆ ನಿಮಿಷ. ಕೇಸರಬಾಯಿ ಗೋವಾದ ಕೇರಿ ಎಂಬ ಊರಿನವರು, ಉಸ್ತಾದ್ ಅಲ್ಲಾದಿಯಾ ಖಾನರ ಶಿಷ್ಯೆ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಹತ್ತಿರ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಅಂದರೆ ನಕ್ಷತ್ರಗಳ ನಡುವಿನ ಬಾಹ್ಯಾಕಾಶಕ್ಕೆ ಹೋಗಿರುವ ಆ ಗಾಯನ ಧಾರವಾಡದ ಕಿವಿಗೆ ಹೊಸದೇನಲ್ಲ, ಅದೇ ಜೈಪುರ್ ಅತ್ರೌಲಿ ಘರಾಣೆ, ಅಂದರೆ ಅದೇ ಗಾಯನ ಪರಂಪರೆ. ಆ ರೆಕಾರ್ಡ್ ಆಗಲೇ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ತಂಡದ ಆನ್ ಡ್ರೂಯನ್ ಹುಡುಕಿ ಹುಡುಕಿ, ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯರೊಬ್ಬರ ಅಂಗಡಿಯಲ್ಲಿ ಒಂದು ರಟ್ಟಿನ ಡಬ್ಬದಲ್ಲಿ ಅದನ್ನು ಪತ್ತೆ ಹಚ್ಚಿದರು. ವೊಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ಕ್ಕೆ. ಕೇಸರಬಾಯಿ ತೀರಿಕೊಂಡದ್ದು ಅದೇ ಸೆಪ್ಟೆಂಬರ್ 16ಕ್ಕೆ.

ಇಲ್ಲೊಂದು ತಮಾಷೆ ಇದೆ. ಭೈರವಿ ಅಂದರೆ ಹಿಂದೂಸ್ತಾನಿ ಕಛೇರಿಯಲ್ಲಿ ಸಾಮಾನ್ಯವಾಗಿ ಕೊನೆಗೆ ಹಾಡುವ ರಾಗ. ಭೈರವಿ ಶುರುವಾಯಿತು ಅಂದರೆ ಸಭೆಯಲ್ಲಿ ಚಪ್ಪಲಿ ಹುಡುಕುವ ಹೊತ್ತು. ನಾವು ಬ್ರಹ್ಮಾಂಡಕ್ಕೆ ಪರಿಚಯ ಮಾಡಿಕೊಂಡದ್ದೇ ಮಂಗಳ ಹಾಡಿ!

ಇನ್ನೊಂದು ತಮಾಷೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಈ ಭೈರವಿಯನ್ನು ಸೂಚಿಸಿದ್ದು ಅಮೆರಿಕದ ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್. ಅವರು ಡಾಕ್ಟರೇಟ್ ಮಾಡಿದ್ದು ಯಾವುದರ ಮೇಲೆ ಗೊತ್ತಾ? ದಕ್ಷಿಣ ಭಾರತದ ಮೃದಂಗದ ಮೇಲೆ. ಮೃದಂಗವನ್ನು ಅಷ್ಟು ಬಲ್ಲವರು ಕೈಗೆ ಅವಕಾಶ ಬಂದಾಗ ಮೃದಂಗ ಬಿಟ್ಟು ಕೇಸರಬಾಯಿಯನ್ನು ಕಳಿಸಿದರು. ಭಾರತದ ಅತ್ಯುತ್ತಮವಾದದ್ದು ಹೋಗಲಿ ಅಂತ. ಅತ್ಯುತ್ತಮ ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಆದರೆ ಪರಿಚಯಕ್ಕೆ ಅತ್ಯುತ್ತಮವಾದದ್ದನ್ನೇ ಕಳಿಸಬೇಕಾ? ನನ್ನ ಭಿನ್ನಾಭಿಪ್ರಾಯ ಇರುವುದು ಇಷ್ಟರಲ್ಲೇ.

ಯೋಚಿಸಿ ನೋಡಿ. ಆ ಕಡೆಯವರಿಗೆ ಕಿವಿ ಇದೆ ಅಂತ ಏನು ಗ್ಯಾರಂಟಿ? ನಮಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ. ನಮ್ಮ ಮನೆಯ ನಾಯಿಗೇ ಇದಕ್ಕಿಂತ ಮೇಲಿನದ್ದು ಕೇಳುತ್ತದೆ. ಗಾಳಿಯೇ ಇಲ್ಲದ ಕಡೆ ಹುಟ್ಟಿದವರಿಗೆ ಶಬ್ದ ಅನ್ನುವ ಕಲ್ಪನೆಯೇ ಇರಲಿಕ್ಕಿಲ್ಲ. ಆದರೆ ರೆಕಾರ್ಡಿನ ಗೆರೆಯಲ್ಲಿ ಅಲೆ ಇದೆ, ಅದನ್ನು ಅಳೆಯಬಹುದು. ವೊಯೇಜರ್ ರೆಕಾರ್ಡಿನ ಹೊದಿಕೆಯ ಮೇಲೆ ತಟ್ಟೆ ಎಷ್ಟು ವೇಗದಲ್ಲಿ ತಿರುಗಬೇಕು ಅಂತ ಕೆತ್ತಿದ್ದಾರೆ. ಅದಕ್ಕೆ ನಮ್ಮ ಸೆಕೆಂಡಿನ ಲೆಕ್ಕ ಕೊಟ್ಟಿಲ್ಲ. ಹೈಡ್ರೋಜನ್ ಪರಮಾಣುವಿನ ಒಂದು ಬದಲಾವಣೆಗೆ ಸಂಬಂಧಿಸಿದ ಸಮಯವನ್ನೇ ಅಳತೆಯಾಗಿ ಕೊಟ್ಟಿದ್ದಾರೆ. ಹೈಡ್ರೋಜನ್ ಎಲ್ಲೆಲ್ಲೂ ಒಂದೇ ತಾನೇ. ಜೊತೆಗೆ ಮುಳ್ಳನ್ನೂ ಇಟ್ಟಿದ್ದಾರೆ. ಹಾಗಾಗಿ ಅವರು ಸಂಗೀತ ಕೇಳದಿದ್ದರೂ ಅದನ್ನು ಗ್ರಾಫ್ ಮಾಡಿ ನೋಡಬಹುದು. ಗ್ರಾಫಿನಲ್ಲಿ ಭಕ್ತಿ ಕಾಣುವುದಿಲ್ಲ, ವಿರಹ ಕಾಣುವುದಿಲ್ಲ. ಕಾಣುವುದು ಮೂರು: ಅನುಪಾತ, ಎಣಿಕೆ, ಮರುಕಳಿಕೆ. ಹಾಗಾದರೆ ತನ್ನ ನಿಯಮವನ್ನು ತಾನೇ ಬಿಚ್ಚಿ ತೋರಿಸುವ ಸಂಗೀತ ಮೊದಲು ಹೋಗಬೇಕು. ನನ್ನ ಆಯ್ಕೆಯ ಅಳತೆಗೋಲು ಇದು.

ಆದ್ದರಿಂದ ನನ್ನ ಮೊದಲ ಆಯ್ಕೆ ಬರೀ ತಂಬೂರಿ. ಹಾಡಿಲ್ಲ, ರಾಗವಿಲ್ಲ, ಎರಡು ನಿಮಿಷ ಸುಮ್ನೆ ಶ್ರುತಿ. ಪಂಚಮ (ಪ), ಎರಡು ಸಲ ಷಡ್ಜ (ಸ), ಆಮೇಲೆ ಕೆಳಗಿನ ಷಡ್ಜ. ಕೆಳಗಿನ ಷಡ್ಜವನ್ನು 1 ಅಂದುಕೊಂಡರೆ ಪಂಚಮ ಒಂದೂವರೆ, ಮೇಲಿನ ಷಡ್ಜ 2. ಇದಕ್ಕಿಂತ ಸರಳವಾದ ಅನುಪಾತ ಬೇಕಾ? ಇಷ್ಟೇ ಅಲ್ಲ. ತಂಬೂರಿಯ ಕುದುರೆ, ಅಂದರೆ ತಂತಿಗಳು ಕೂರುವ ಪಟ್ಟಿ, ಚಪ್ಪಟೆಯಾಗಿ ಸ್ವಲ್ಪ ಬಾಗಿರುತ್ತದೆ, ಅದರ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ಆ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ನಾದ ಅರಳುತ್ತದೆ, ತಂತಿಯೊಳಗಿನ ಮೇಲಿನ ಸ್ವರಗಳೆಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಸಿ.ವಿ. ರಾಮನ್ 1921ರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಅದಕ್ಕೆ ತಕ್ಕಂತೆ ಕೆಲವು ಸ್ವರಗಳು ಹುಟ್ಟಲೇಬಾರದು ಅಂತ ಹಳೆಯ ನಿಯಮ. ಈ ಕುದುರೆಯ ಮೇಲೆ ಅವೂ ಹುಟ್ಟುತ್ತವೆ ಅಂತ ಅವರು ತೋರಿಸಿದರು. ಅಂದರೆ ಎರಡು ನಿಮಿಷದ ತಂಬೂರಿಯಲ್ಲಿ ನಮ್ಮ ಸಂಗೀತದ ಇಡೀ ಅಡಿಪಾಯ ಗ್ರಾಫ್ ಆಗಿ ಸಿಗುತ್ತದೆ. ಅಂಗಡಿಯವನು ಮೊದಲು ಖಾಲಿ ತಕ್ಕಡಿ ತೋರಿಸಿ ಆಮೇಲೆ ಸಾಮಾನು ತೂಗುತ್ತಾನಲ್ಲ, ಹಾಗೆ.

ಎರಡನೆಯದು ತನಿ ಆವರ್ತನ, ಅಂದರೆ ಕಛೇರಿಯ ನಡುವೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಮೊದಲು ಮೃದಂಗದ ಬಲಗಡೆಯ ನಾದವನ್ನೇ ತೆಗೆದುಕೊಳ್ಳಿ. ಸಾಮಾನ್ಯ ಚರ್ಮವಾದ್ಯವನ್ನು ಹೊಡೆದರೆ ಬರುವ ಕಂಪನಗಳ ನಡುವೆ ಯಾವ ಸರಳ ಅನುಪಾತವೂ ಇರುವುದಿಲ್ಲ. ಅದಕ್ಕೇ ಅದು ಬರೀ ಸದ್ದು. ಮೃದಂಗದಲ್ಲಿ ಹಾಗಲ್ಲ. ಮಧ್ಯದಲ್ಲಿ ಕಪ್ಪಗೆ ಕಾಣುತ್ತದಲ್ಲ ಕರಣೆ, ಅದನ್ನು ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿ ಮತ್ತು ಅನ್ನ ಸೇರಿಸಿ, ಪದರದ ಮೇಲೆ ಪದರ ಹಚ್ಚಿ, ಉಜ್ಜಿ ಉಜ್ಜಿ ಕೂರಿಸುತ್ತಾರೆ. ಆ ಭಾರ ಕೂತ ಮೇಲೆ ಚರ್ಮದ ಮುಖ್ಯ ಕಂಪನಗಳು ಒಂದು, ಎರಡು, ಮೂರು, ನಾಲ್ಕು, ಐದು ಅನ್ನುವ ಅನುಪಾತಕ್ಕೆ ಬಂದುಬಿಡುತ್ತವೆ, ತಂತಿಯ ಹಾಗೆ. ಇದನ್ನೂ ತೋರಿಸಿದವರು ರಾಮನ್, 1920ರಲ್ಲಿ ನೇಚರ್ ಪತ್ರಿಕೆಯಲ್ಲಿ. ಚರ್ಮ ತಾನಾಗಿ ಹಾಗೆ ನುಡಿಯುವುದಿಲ್ಲ. ಯಾರೋ ಕೂತು, ಕೇಳಿ, ತಿದ್ದಿ, ಮತ್ತೆ ಕೇಳಿ ಹಾಗೆ ಮಾಡಿದ್ದಾರೆ. ಒಂದೇ ಒಂದು ಹೊಡೆತದ ಗ್ರಾಫ್ ನೋಡಿದರೂ ಆ ಕಡೆಯವರಿಗೆ 'ಇದು ಕಲ್ಲು ಉರುಳಿದ ಸದ್ದಲ್ಲ, ಇದರ ಹಿಂದೆ ಯಾರೋ ಇದ್ದಾರೆ' ಅಂತ ಗೊತ್ತಾಗಬೇಕು. ಪರಿಚಯ ಅಂದರೆ ಅದೇ ಅಲ್ವಾ?

ಆಮೇಲೆ ಲೆಕ್ಕ. ಆದಿತಾಳಕ್ಕೆ ಎಂಟು ಎಣಿಕೆ. ಎಣಿಕೆಗೆ ನಾಲ್ಕರಂತೆ 32 ಅಕ್ಷರ. 'ತದಿಗಿಣತೊಂ' ಅನ್ನುವುದು ಐದು ಅಕ್ಷರದ ಮುಕ್ತಾಯ. ಅದನ್ನು ಮೂರು ಸಲ ನುಡಿಸಿ, ನಡುವೆ ಎರಡೆರಡು ಅಕ್ಷರ ಬಿಟ್ಟರೆ 19 ಆಗುತ್ತದೆ. ಹಾಗಾದರೆ 13 ಅಕ್ಷರ ಕಳೆದ ಮೇಲೆ ಶುರು ಮಾಡಬೇಕು, ಆಗ ಮುಗಿದ ತಕ್ಷಣ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮುಂದಿನ ಸುತ್ತಿನ ಮೊದಲ ಎಣಿಕೆಗೆ, ಬಂದು ಬೀಳುತ್ತೀರಿ. ಇದು ಪಾಠದ ಮೊದಲ ದಿನಗಳ ಲೆಕ್ಕ. ದೊಡ್ಡ ವಿದ್ವಾಂಸರು ಇದನ್ನು ಮೂರರ ನಡೆ, ಐದರ ನಡೆ, ಏಳರ ನಡೆಗಳಲ್ಲಿ ಹೆಣೆದು, ಹತ್ತು ನಿಮಿಷ ಎಲ್ಲೆಲ್ಲೋ ಅಲೆದಾಡಿಸಿ, ಕೊನೆಗೆ ಕೂದಲೆಳೆ ತಪ್ಪದೆ ತಂದು ಸಮಕ್ಕೆ ಇಳಿಸುತ್ತಾರೆ. ಕಿವಿ ಇಲ್ಲದವರೂ ಇದನ್ನು ಹಿಡಿಯಬಹುದು. ಕಾಲದಲ್ಲಿ ಚುಕ್ಕೆ ಇಟ್ಟುಕೊಂಡು ಹೋದರೆ ಸಾಕು, ರಂಗೋಲಿ ತಾನಾಗಿ ಮೂಡುತ್ತದೆ.

ನಾನು ಬರೀ ಮೃದಂಗ ಕಳಿಸುವುದಿಲ್ಲ, ಘಟ ಮತ್ತು ಖಂಜಿರ ಜೊತೆಗಿರಲೇಬೇಕು. ಯಾಕೆಂದರೆ ತನಿಯಲ್ಲಿ ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರು ಕೇಳಿ, ಅದನ್ನೇ ಹೇಳಿ, ಸ್ವಲ್ಪ ಬದಲಿಸಿ ವಾಪಸ್ ಕೊಡುತ್ತಾರೆ. ತುಣುಕು ಚಿಕ್ಕದಾಗುತ್ತಾ ಆಗುತ್ತಾ ಕೊನೆಗೆ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಈ ಭೂಮಿಯಲ್ಲಿ ಒಬ್ಬರಲ್ಲ, ಹಲವರಿದ್ದಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ ಅನ್ನುವುದು ಬೇರೆ ಯಾವ ರೀತಿಯಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಲು ಸಾಧ್ಯ ಅಂತ ನನಗೆ ಹೊಳೆಯುತ್ತಿಲ್ಲ. (ನಿಜ ಸಭೆಯಲ್ಲಿ ತನಿ ಶುರುವಾದ ತಕ್ಷಣ ಅರ್ಧ ಜನ ಕಾಫಿಗೆ ಎದ್ದು ಹೋಗುತ್ತಾರೆ. ಏಲಿಯನ್‌ಗಳಾದರೂ ಕೂತು ಕೇಳಲಿ.)

ಮೂರನೆಯದು ಬಾಖ್‌ನ ಒಂದು ಫ್ಯೂಗ್. ವೊಯೇಜರ್‌ನಲ್ಲಿ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ನುಡಿಸಿದ್ದು ಈಗಾಗಲೇ ಇದೆ, ಅದೇ ಸಾಕು. ಒಂದು ಸಣ್ಣ ಎಳೆ ಬರುತ್ತದೆ, ಅದೇ ಎಳೆ ಇನ್ನೊಂದು ಎತ್ತರದಲ್ಲಿ ಅದರ ಬೆನ್ನು ಹತ್ತುತ್ತದೆ. ನಿಯಮ ಕಣ್ಣಿಗೆ ಕಟ್ಟಿದಂತಿರುತ್ತದೆ, ಹೆಚ್ಚು ವಿವರಣೆ ಬೇಡ.

ನಾಲ್ಕನೆಯದಕ್ಕೆ ಮನುಷ್ಯರ ದನಿ. ತಂಬೂರಿ ಕೇಳಿಸಿ ಆಗಿದೆ, ಈಗ ಅದರ ಮೇಲೆ ಒಬ್ಬರು ಹಾಡಿದರೆ ಸ್ವರ ಎಲ್ಲಿ ನಿಂತಿತು, ಎಲ್ಲಿ ಜಾರಿತು, ಎಲ್ಲಿಗೆ ವಾಪಸ್ ಬಂತು ಅಂತ ಅವರೇ ಅಳೆದುಕೊಳ್ಳಬಹುದು. ಇಲ್ಲಿ ಕೇಸರಬಾಯಿಯೇ ಇರಲಿ. ನನಗೆ ಮನ್ಸೂರರ ಮೇಲೆ ಎಷ್ಟೇ ಪ್ರೀತಿ ಇದ್ದರೂ, ಆಗಲೇ ಅಷ್ಟು ದೂರ ಹೋದವರನ್ನು ಬದಲಿಸುವುದು ಸರಿಯಲ್ಲ.

ಐದನೆಯದು ಜೋಗುಳ. ಉತ್ತರ ಕರ್ನಾಟಕದ ತ್ರಿಪದಿಯ ಜೋಗುಳ, ಮನೆಯಲ್ಲಿ ತೊಟ್ಟಿಲು ತೂಗುತ್ತಾ ಹಾಡುವಂಥದ್ದು, ಹಾರ್ಮೋನಿಯಂ ಇಲ್ಲದೆ. ನನ್ನ ಅಳತೆಗೋಲಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ, ಗೊತ್ತು. ಆದರೆ 27ರ ಪಟ್ಟಿಯಲ್ಲಿ ಜೋಗುಳ ಇಲ್ಲದ್ದು ನನಗೆ ಇಂದಿಗೂ ಆಶ್ಚರ್ಯ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 60 ದೇಶಗಳ ಜನರಿಗೆ, ಅವರಿಗೆ ಗೊತ್ತೇ ಇಲ್ಲದ ಸಮಾಜಗಳ ಹಾಡುಗಳಿಂದ 14 ಸೆಕೆಂಡಿನ ತುಣುಕುಗಳನ್ನು ಕೇಳಿಸಿದರು. ಭಾಷೆ ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೂ ಇದು ಕುಣಿಯಲು, ಇದು ಮಗು ಮಲಗಿಸಲು ಅಂತ ಜನ ಗುರುತು ಹಿಡಿದರು. ಪ್ರೇಮಗೀತೆಯನ್ನು ಮಾತ್ರ ಸರಿಯಾಗಿ ಗುರುತಿಸಲಾಗಲಿಲ್ಲ.

ಒಂದು ಮಾತು ಬಿಟ್ಟುಹೋಯಿತು. ನೀವು ರೆಕಾರ್ಡ್ ಬದಲು ರೇಡಿಯೋ ಅಲೆಯಲ್ಲಿ ಕಳಿಸುವ ಯೋಚನೆಯಲ್ಲಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅಷ್ಟು ದೂರ ಹೋಗುವ ಹೊತ್ತಿಗೆ ಸಂಕೇತ ತುಂಬಾ ಕ್ಷೀಣವಾಗಿರುತ್ತದೆ. 2001ರಲ್ಲಿ ಕ್ರೈಮಿಯಾದಿಂದ ಕೆಲವು ನಕ್ಷತ್ರಗಳ ಕಡೆಗೆ ಸಂಗೀತ ಕಳಿಸಿದಾಗ ಥೆರೆಮಿನ್ ವಾದ್ಯವನ್ನು ಆರಿಸಿದ್ದು ಇದಕ್ಕೇ. ಅದರ ನಾದ ಹೆಚ್ಚುಕಮ್ಮಿ ಒಂದೇ ಶುದ್ಧ ಅಲೆ, ಗದ್ದಲದ ನಡುವೆ ಗುರುತಿಸುವುದು ಸುಲಭ. ಆ ದಾರಿ ಹಿಡಿದರೆ ನನ್ನ ಮೃದಂಗ, ಘಟ ಎಲ್ಲ ಗದ್ದಲದಲ್ಲಿ ಮುಳುಗುತ್ತವೆ, ತಂಬೂರಿಯ ಅರ್ಧ ಸೊಗಸೂ ಹೋಗುತ್ತದೆ. ಆಗ ಬರೀ ಕೊಳಲು ಕಳಿಸಬಹುದು. 2017ರಲ್ಲಿ ನಾರ್ವೆಯಿಂದ ಸುಮಾರು 12 ಜ್ಯೋತಿರ್ವರ್ಷ ದೂರದ ಲೂಟೆನ್ ನಕ್ಷತ್ರದ ಕಡೆಗೆ ಹತ್ತು ಸೆಕೆಂಡಿನ 33 ತುಣುಕು ಕಳಿಸಿದ್ದಾರೆ. ಅಲ್ಲಿ ಯಾರಾದರೂ ಇದ್ದು, ಕೇಳಿದ ತಕ್ಷಣ ಉತ್ತರ ಬರೆದರೂ 2040ರ ಆಸುಪಾಸು ನಮಗೆ ಸಿಗಬೇಕು.

ಸಿನಿಮಾ ಹಾಡು ಯಾಕಿಲ್ಲ ಅಂತ ಕೆಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಸಿನಿಮಾ ಹಾಡುಗಳಲ್ಲಿ ಮುಕ್ಕಾಲು ಪಾಲು ಪ್ರೇಮಗೀತೆ. ಮನುಷ್ಯರಿಗೇ ಗುರುತು ಸಿಗದಿದ್ದದ್ದು ಏಲಿಯನ್‌ಗೆ ಸಿಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಮೇಲಾಗಿ ಹಕ್ಕುಸ್ವಾಮ್ಯದ ತಲೆನೋವು. ವೊಯೇಜರ್‌ನ ನಮಸ್ಕಾರಗಳನ್ನು ನಾಸಾ ಇಂಟರ್ನೆಟ್ಟಿಗೆ ಹಾಕಿದೆ, ಕನ್ನಡದ್ದನ್ನು ಹುಡುಕಿ ಕೇಳಿ. ಸಂಗೀತವನ್ನು ಮಾತ್ರ ಹಕ್ಕುಗಳ ಕಾರಣಕ್ಕೆ ಅದರ ಜೊತೆ ಹಾಕಲಿಲ್ಲ. ಏಲಿಯನ್‌ಗೆ ಪುಕ್ಕಟೆ ಸಿಗುವುದು ನಮಗೆ ಸಿಗುವುದಿಲ್ಲ ನೋಡಿ.