ಲಿವಿಂಗ್ ವಿಲ್ ಬರೆಸಿದವರು ಮತ್ತೆ ಯಾಕೆ ಬದಲಾಯಿಸುತ್ತಾರೆ?

ತೀರ್ಥಹಳ್ಳಿ ಕಡೆಯ ನಿಮ್ಮ ತಂದೆ ಎರಡು ವರ್ಷದ ಹಿಂದೆ ಲಿವಿಂಗ್ ವಿಲ್ (ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆಸಿಡುವ ಕಾಗದ) ಮಾಡಿಸಿದ್ದರು, ಈಗ ಬದಲಾಯಿಸಬೇಕು ಅನ್ನುತ್ತಿದ್ದಾರೆ, ಸಾವಿಗೆ ಹೆದರಿದ್ದಾರಾ ಅಂತ ಕೇಳಿದ್ದೀರಿ.

ಹೆದರಿಕೆ ಯಾರಿಗಿಲ್ಲ? ಆದರೆ ಕಾರಣ ಅದೊಂದೇ ಆಗಿರುವುದು ಕಡಿಮೆ. ನಾನು ಶಿವಮೊಗ್ಗದಲ್ಲಿ ವಕೀಲ, ನೋಟರಿ ಕೆಲಸವನ್ನೂ ಮಾಡುತ್ತೇನೆ. ನನಗೆ ಎರಡನೇ ಸಲ ಬರೆಸಿದ ಕಾಗದದ ಮೇಲೆಯೇ ನಂಬಿಕೆ ಜಾಸ್ತಿ. ಮೊದಲನೆಯದನ್ನು ಗಟ್ಟಿಮುಟ್ಟಾಗಿದ್ದಾಗ, ಬೇರೆ ಯಾರದೋ ಕಾಯಿಲೆ ನೋಡಿ ಬರೆಸಿರುತ್ತಾರೆ. ಎರಡನೆಯದು ಹಾಗಲ್ಲ, ತಮ್ಮದೇ ಕಾಯಿಲೆ ಅನುಭವಿಸಿದ ಮೇಲೆ ಬರೆಸಿದ್ದು.

ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು 'ಡಯಾಲಿಸಿಸ್ ಬೇಡವೇ ಬೇಡ' ಅಂತ ಬರೆಸಿದ್ದರು. ಅವರ ಅಣ್ಣ ಕೊನೆಗಾಲದಲ್ಲಿ ಪಟ್ಟ ಪಾಡು ಕಣ್ಣ ಮುಂದೆ ಇತ್ತು. ಆಮೇಲೆ ಅವರದೇ ಕಿಡ್ನಿ ಕೈಕೊಟ್ಟಿತು. ಮಗಳ ಒತ್ತಾಯಕ್ಕೆ ಶುರು ಮಾಡಿದರು. ವಾರಕ್ಕೆರಡು ಸಲ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಬರುತ್ತಾರೆ. ಉಳಿದ ದಿನ ಸುಲಿಯುವವರ ಪಕ್ಕ ಕುರ್ಚಿ ಹಾಕಿಕೊಂಡು ಅಡಿಕೆ ಲೆಕ್ಕ ಬರೆಯುತ್ತಾರೆ. ಸುಸ್ತು ಇದೆ, ಆದರೂ ಈ ಬದುಕು ಬೇಕು ಅನ್ನುತ್ತಾರೆ. ಹಳೆಯ ಸಾಲು ಹೊಡೆಸಿ ಹೀಗೆ ಬರೆಸಿದರು: 'ಡಯಾಲಿಸಿಸ್ ನಡೆಯಲಿ. ಮನೆಯವರ ಗುರುತೂ ಸಿಗದ ಸ್ಥಿತಿಗೆ ಹೋಗಿ, ಇನ್ನು ಚೇತರಿಸುವುದಿಲ್ಲ ಅಂತ ಡಾಕ್ಟರು ಹೇಳಿದರೆ ನಿಲ್ಲಿಸಿ.' ಇದನ್ನು ಮನಸ್ಸು ಹೊಯ್ದಾಡಿತು ಅನ್ನೋಕಾಗುತ್ತಾ? ತಡೆಯಲಾರೆ ಅಂದುಕೊಂಡಿದ್ದನ್ನು ತಡೆದುಕೊಂಡಿದ್ದಾರೆ, ಅಷ್ಟೇ.

ಉಲ್ಟಾ ಆಗುವುದೂ ಇದೆ. 'ಏನು ಬೇಕಾದರೂ ಮಾಡಿ ಉಳಿಸಿ' ಅಂದಿದ್ದವರು ಒಂದು ಸಲ ಐಸಿಯುನಲ್ಲಿ ಬಾಯಿಗೆ ಟ್ಯೂಬ್ ಹಾಕಿಸಿಕೊಂಡು ಮಲಗಿ ಬಂದ ಮೇಲೆ 'ಇನ್ನೊಮ್ಮೆ ಬೇಡ' ಅನ್ನುತ್ತಾರೆ.

ಇನ್ನು ಕೆಲವರದು ಮಾತಿನ ಸಮಸ್ಯೆ. 'ಮಿಷನ್ ಬೇಡ' ಅಂತಷ್ಟೇ ಬರೆದರೆ ಯಾವ ಮಿಷನ್? ಉಸಿರಾಟಕ್ಕೆ ಮನೆಯಲ್ಲಿಟ್ಟುಕೊಳ್ಳುವ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಡ ಮಿಷನ್ನೇ ಅಲ್ವಾ? ಕಾಗದ ಅಸ್ಪಷ್ಟವಾಗಿದ್ದರೆ ಡಾಕ್ಟರುಗಳ ಬೋರ್ಡ್ ಅದನ್ನು ಜಾರಿ ಮಾಡುವುದಿಲ್ಲ. ನಮ್ಮ ಕಡೆ 'ಮನೆಯಲ್ಲೇ ಪ್ರಾಣ ಹೋಗಲಿ' ಅಂತ ಬರೆಸುವವರು ಬಹಳ. ಆದರೆ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ದಾರಿಗೆ ಮರ ಬಿದ್ದು, ನೋವಿನ ಔಷಧಿ ಸಿಗದ ದಿನ ಏನು ಗತಿ? ಅಂಥ ಒಂದು ಮಳೆಗಾಲ ಕಳೆದವರು 'ನೋವು ತಡೆಯದಾದರೆ ಆಸ್ಪತ್ರೆಗೆ ಒಯ್ಯಿರಿ' ಅಂತ ಸೇರಿಸುತ್ತಾರೆ. ಸೇರಿಸಲೇಬೇಕು ಅಂತ ನಾನೂ ಹೇಳುತ್ತೇನೆ.

ತಮ್ಮ ಪರವಾಗಿ ಯಾರು ಮಾತಾಡಬೇಕು ಅನ್ನುವುದೂ ಬದಲಾಗುತ್ತದೆ. ಹೆಂಡತಿಯ ಹೆಸರು ಬರೆಸಿರುತ್ತಾರೆ, ಅವರೇ ಮೊದಲು ಹೋಗಿಬಿಡುತ್ತಾರೆ. ಇಲ್ಲವೇ ಹೆಸರಿಸಿದ ಮಗ ವಿದೇಶದಲ್ಲಿ, ರಾತ್ರಿ ಫೋನಿಗೂ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಲಿವಿಂಗ್ ವಿಲ್‌ಗೆ ಒಪ್ಪಿಗೆ ಕೊಟ್ಟಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದಿತು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲೂ ಅವಕಾಶ ಕೊಟ್ಟಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ.

ನಿಮ್ಮ ತಂದೆಗೆ ಬುದ್ಧಿ ಸ್ವಾಧೀನದಲ್ಲಿ ಇರುವವರೆಗೆ ಯಾವಾಗ ಬೇಕಾದರೂ ಬದಲಾಯಿಸಬಹುದು, ರದ್ದೂ ಮಾಡಬಹುದು. ಆದರೆ ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲೇ ಇರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಹೊಸದಾಗಿ ಸಹಿ ಮಾಡಲಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿಯೂ ಆಗಲಿ. ಹಳೆಯದು ರದ್ದು ಅಂತ ಅದರಲ್ಲೇ ಬರೆಸಿ. ಎರಡು ಕಾಗದ ಉಳಿದುಕೊಂಡರೆ ಕೊನೆಗೆ ಸಹಿಯಾದದ್ದೇ ಲೆಕ್ಕಕ್ಕೆ. ಆದರೂ ಹಳೆಯ ಪ್ರತಿ ಯಾರ್ಯಾರ ಹತ್ತಿರ ಇದೆಯೋ ವಾಪಸ್ ಪಡೆದು ಹೊಸದು ಕೊಡಿ. ಹೆಸರಿಸಿದವರು, ಮನೆಯ ಡಾಕ್ಟರು, ಪಂಚಾಯಿತಿಯಲ್ಲಿ ಅದಕ್ಕೆ ನೇಮಿಸಿದ ಅಧಿಕಾರಿ, ಯಾರನ್ನೂ ಬಿಡಬೇಡಿ.

ಬರೆಸುವ ಮೊದಲು ಅವರಿಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ. ಈ ಕಾಯಿಲೆ ಮುಂದೆ ಯಾವ ದಾರಿ ಹಿಡಿಯುತ್ತದೆ ಅಂತ ನಿಮ್ಮ ತಂದೆಯೇ ಕೇಳಲಿ. ಆಗ ನಿಮ್ಮ ಒಡಹುಟ್ಟಿದವರೂ ಜೊತೆಗಿರಲಿ, ನಾಳೆ ಆಸ್ಪತ್ರೆಯ ಬಾಗಿಲಲ್ಲಿ 'ಅಪ್ಪ ಹಾಗೆ ಹೇಳಿರಲಿಲ್ಲ' ಅನ್ನುವ ಜಗಳ ಬರುವುದಿಲ್ಲ.